ಏಳು ತಂತಿಯ ಅತ್ತೆ

ಗಣೇಶನ ಹಬ್ಬದ ಲೌಡ್‌ಸ್ಪೀಕರಿನ ಕಾಟ ತಾಳಲಾರದೆ ಪೆಂಡಾಲಿನ ಹುಡುಗರಿಗೆ ಕೈಮುಗಿದವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಪೆಂಡಾಲಿನ ಹುಡುಗರೇ ಬಂದು ಕೈಮುಗಿದ ಮನೆಯನ್ನು ನೋಡಿದ್ದೀರಾ? ಟಿ. ದಾಸರಹಳ್ಳಿಯಲ್ಲಿ ಅಂಥ ಮನೆ ಒಂದಿದೆ. ಅದು ನಮ್ಮ ಸೋದರತ್ತೆಯದು. "ಮಂಗಳಾರತಿ ಟೈಮ್ ಆಯ್ತು, ಸ್ವಲ್ಪ ಹೊತ್ತು ನಿಲ್ಲಿಸೋಕೆ ಹೇಳ್ತೀರಾ ಅಂಕಲ್?" ಎಂದು ಅವರು ಗೇಟಿನ ಹೊರಗೆ ನಿಂತು ನಮ್ಮ ಮಾವನನ್ನು ಬೇಡಿಕೊಂಡಾಗ ನಾನು ಅಲ್ಲೇ ಜಗಲಿಯ ಮೇಲೆ ಕೂತಿದ್ದೆ. ಮಾವ ಒಳಗೆ ಹೋಗಿ ಅತ್ತೆಯ ಭುಜ ಮುಟ್ಟಿದ ಮೇಲೆ ಸದ್ದು ನಿಂತಿತು. ಬೀದಿಯಲ್ಲಿ ಗಣಪತಿಯ ಗಂಟೆ ಕೇಳಿಸಿತು.

ಅತ್ತೆಗೆ ಅರವತ್ತು ದಾಟಿದೆ. ನೂಲಿನ ಸೀರೆ, ಹಣೆ ತುಂಬ ಕುಂಕುಮ, ತುರುಬಿಗೆ ಒಂದು ತುಂಡು ಕನಕಾಂಬರ. ಇಂಥವರ ತೊಡೆಯ ಮೇಲೆ ಎರಡು ಕೋಡಿನ, ಕಾಡಿಗೆಯಷ್ಟು ಕಪ್ಪಗಿರುವ ಎಲೆಕ್ಟ್ರಿಕ್ ಗಿಟಾರು ಇರುತ್ತದೆ ಎಂದರೆ ನಾನು ಪಾಠ ಹೇಳುವ ಶಾಲೆಯ ಟೀಚರುಗಳು ಇವತ್ತಿಗೂ ನಂಬುವುದಿಲ್ಲ. ವೀಣೆ ಇರಬೇಕು, ನಾನೇ ಸರಿಯಾಗಿ ನೋಡಿಲ್ಲ ಎನ್ನುತ್ತಾರೆ. ವೀಣೆಗೂ ಗಿಟಾರಿಗೂ ವ್ಯತ್ಯಾಸ ಗೊತ್ತಾಗದವಳೇ ನಾನು? ವ್ಯತ್ಯಾಸ ಗೊತ್ತಾಗಬೇಕಾದರೆ ನೋಡಲೇಬೇಕು ಅಂತಲೂ ಇಲ್ಲ. ಆಗೆಲ್ಲ ಅತ್ತೆ ಬಾರಿಸಲು ಕೂತರೆ ಸ್ಟ್ಯಾಂಡಿನಲ್ಲಿರುವ ಸ್ಟೀಲ್ ತಟ್ಟೆಗಳು ತಾವಾಗಿಯೇ ನಡುಗುತ್ತಿದ್ದವು.

ಇದಕ್ಕೆಲ್ಲ ಮೂಲ ಅತ್ತೆಯ ಕಿವಿ.

ಅತ್ತೆ ಪ್ರಾಯದಲ್ಲಿ ಪೀಣ್ಯದ ಒಂದು ಸಣ್ಣ ಕಾರ್ಖಾನೆಗೆ ಸೇರಿದವರು ಅಲ್ಲಿಂದಲೇ ನಿವೃತ್ತರಾದರು. ತಗಡಿನ ಹಾಳೆಯನ್ನು ಪ್ರೆಸ್ ಮೆಷಿನ್ನಿಗೆ ಕೊಟ್ಟು ವಾಷರ್ ಕತ್ತರಿಸುವುದು ಕೆಲಸ. ದೊಡ್ಡ ಷೆಡ್ಡಿನಲ್ಲಿ ಸಾಲಾಗಿ ನಿಂತ ಮೆಷಿನ್ನುಗಳು ಬೆಳಗಿನಿಂದ ಸಂಜೆಯವರೆಗೆ ತಗಡನ್ನು ಕುಟ್ಟುತ್ತಿದ್ದವು. ಕಿವಿಗೆ ಇಟ್ಟುಕೊಳ್ಳಲು ಅವರಿಗೆ ಇದ್ದದ್ದು ಹತ್ತಿ. ಅದೂ ಸೆಕೆಗೆ ತುರಿಸುತ್ತದೆ ಎಂದು ಯಾರೂ ಇಟ್ಟುಕೊಳ್ಳುತ್ತಿರಲಿಲ್ಲವಂತೆ.

ಕಿವಿ ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಸಣ್ಣ ಸಣ್ಣ ಸದ್ದುಗಳು ಬಿಟ್ಟುಹೋದವು. ಕುಕ್ಕರಿನ ಸೀಟಿ ಹೋಯಿತು, ಫೋನಿನ ಗಂಟೆ ಹೋಯಿತು, ಹಿತ್ತಿಲಿನ ಗುಬ್ಬಚ್ಚಿ ಹೋಯಿತು. ಆಮೇಲೆ ಮಕ್ಕಳ ಮಾತು, ಹೆಂಗಸರ ಮಾತು. ಮಾವ ಹತ್ತಿರ ಕೂತು ಮಾತಾಡಿದರೆ ತಿಳಿಯುತ್ತಿತ್ತು, ನಾನು ಮಾತಾಡಿದರೆ ತಿಳಿಯುತ್ತಿರಲಿಲ್ಲ. ಒಮ್ಮೆ ಅಕ್ಕಿ ತರಲು ಹೇಳಿದರೆ ಪಕ್ಕದ ಮನೆಯ ಅಕ್ಕನನ್ನು ಕರೆತಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅತ್ತೆಯೂ ನಕ್ಕರು, ನಮ್ಮ ಮುಖ ನೋಡಿಕೊಂಡು, ನಾವು ನಗುತ್ತಿದ್ದೇವಲ್ಲ ಎಂದು.

ಕಿವಿಗಿಂತ ಹೆಚ್ಚು ನೋವು ಕೊಟ್ಟದ್ದು ಭಜನೆ. ಅತ್ತೆಗೆ ಒಳ್ಳೆಯ ಕಂಠ. ಬೀದಿಯ ಭಜನಾ ಮಂಡಳಿಯಲ್ಲಿ ಶನಿವಾರ ಮೊದಲ ಪದ ಎತ್ತುತ್ತಿದ್ದವರು ಅವರೇ. ಹಾರ್ಮೋನಿಯಮ್ಮಿನ ಶ್ರುತಿ ಕೇಳಿಸದೆ ಹೋದ ಮೇಲೆ ದನಿ ಎಲ್ಲೋ ಶ್ರುತಿ ಎಲ್ಲೋ ಆಗತೊಡಗಿತು. ಮಂಡಳಿಯವರು ಒಳ್ಳೆಯವರೇ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೊದಲು ಹಿಂದಿನ ಸಾಲಿನಲ್ಲಿ ಜಾಗ ಮಾಡಿಕೊಟ್ಟರು. ಆಮೇಲೆ ಕೈಗೆ ತಾಳ ಕೊಟ್ಟು ಬಾಯಿಗೆ ಕೆಲಸವಿಲ್ಲದ ಹಾಗೆ ಮಾಡಿದರು. ಕೊನೆಗೆ, ನಿಮ್ಮ ಕೈಯ ಸಜ್ಜಿಗೆ ಯಾರಿಗೂ ಬರಲ್ಲ, ಪ್ರಸಾದ ನೀವೇ ನೋಡಿಕೊಳ್ಳಿ ಎಂದು ಅಡುಗೆಮನೆಗೆ ಕಳಿಸಿದರು. ಅತ್ತೆ ಸಜ್ಜಿಗೆ ಮಾಡಿ, ಎಲೆಗೆ ಹಾಕಿ, ಮನೆಗೆ ಬಂದರು. ಮುಂದಿನ ಶನಿವಾರದಿಂದ ಹೋಗಲಿಲ್ಲ.

"ಚೆನ್ನಾಗಿ ಸಜ್ಜಿಗೆ ಮಾಡಿದ್ದೇ ತಪ್ಪಾಯ್ತು ಕಣೇ," ಎಂದರು ನನ್ನ ಹತ್ತಿರ. "ಹಾಡೋಕೆ ಬಿಡಲ್ಲ ಅಂತ ಗೊತ್ತಿದ್ರೆ ಗಂಟುಗಂಟಾಗಿ ಮಾಡ್ತಿದ್ದೆ."

ನಕ್ಕು ಹೇಳಿದ ಮಾತು. ಆದರೆ ಆಮೇಲೆ ಬಹಳ ದಿನ ಅವರು ಮನೆಯಲ್ಲಿ ಗುನುಗುವುದನ್ನೂ ನಿಲ್ಲಿಸಿದರು.

ಕಿವಿಗೆ ಹಾಕುವ ಮೆಷಿನ್ನು ತಂದದ್ದೂ ಆಯಿತು. ಹಾಕಿಕೊಂಡ ದಿನ ಪಕ್ಕದ ಮನೆಯವರು ಪಾತ್ರೆ ತೊಳೆದದ್ದಕ್ಕೆ ಅತ್ತೆ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಮಾತೆಲ್ಲ ತಗಡಿನ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತದಂತೆ. ಟಿವಿಯಲ್ಲಿ ಯಾರೋ ದೇವರನಾಮ ಹಾಡುತ್ತಿದ್ದರು, ಅದು ದೇವರನಾಮ ಎಂದು ಅವರಿಗೆ ತಿಳಿದದ್ದು ಹಾಡುವವರ ತಂಬೂರಿ ಕಂಡ ಮೇಲೆ. ಒಂದು ವಾರ ಪ್ರಯತ್ನಪಟ್ಟು, ಅದನ್ನು ತೆಗೆದು ದೇವರ ಗೂಡಿನಲ್ಲಿ ಗಣಪತಿಯ ಪಕ್ಕ ಇಟ್ಟರು. ಅವನಿಗಾದರೆ ಕಿವಿ ದೊಡ್ಡದು, ಅವನೇ ಹಾಕಿಕೊಳ್ಳಲಿ ಎಂಬುದು ಅವರ ವಾದ.

ಹೀಗಿರುವಾಗ ಮಹಡಿಯ ಮೇಲಿನ ರೂಮಿಗೆ ಮಲ್ಲೇಶ ಬಾಡಿಗೆಗೆ ಬಂದ. ರಾಣೆಬೆನ್ನೂರಿನ ಕಡೆಯವನು, ಮೂವತ್ತರ ಹತ್ತಿರದ ಆಳು, ಪೀಣ್ಯದಲ್ಲೇ ಒಂದು ಕಂಪನಿಯಲ್ಲಿ ಮೆಷಿನ್ ಆಪರೇಟರ್. ಉದ್ದ ಕೂದಲನ್ನು ಗಂಟು ಹಾಕಿ ಟೋಪಿಯೊಳಗೆ ತುರುಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ರಜೆಯ ದಿನ ಗೆಳೆಯರ ಜೊತೆ ಸೇರಿ ಹೆವಿ ಮೆಟಲ್ ಎಂಬ ಸಂಗೀತ ನುಡಿಸುತ್ತಿದ್ದ. ಆ ಸಂಗೀತ ನಿಮಗೆ ಗೊತ್ತಿಲ್ಲದಿದ್ದರೆ ಹೀಗೆ ತಿಳಿಯಿರಿ: ಗುಡುಗಿಗೆ ತಾಳ ಹಾಕಿದರೆ ಹೇಗೋ ಹಾಗೆ. ಮನೆಯಲ್ಲಿ ಮಾತ್ರ ಸದ್ದು ಇಳಿಸಿಕೊಂಡೇ ಬಾರಿಸುತ್ತಿದ್ದ. ಮನೆಯೊಡತಿಗೆ ಕಿವಿ ಕೇಳುವುದಿಲ್ಲವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಅತ್ತೆ ಸಂಡಿಗೆ ಒಣಗಿಸಲು ಮೇಲೆ ಹೋದರು. ಕೆಳಗೆ ತರಕಾರಿ ಹೆಚ್ಚುತ್ತಿದ್ದ ನಾನು, ಬಹಳ ಹೊತ್ತಾದರೂ ಬರಲಿಲ್ಲವಲ್ಲ ಎಂದು ಹುಡುಕಿಕೊಂಡು ಹೋದೆ. ಅತ್ತೆ ಮಲ್ಲೇಶನ ಬಾಗಿಲ ಎದುರು ಬಿಸಿಲಲ್ಲಿ ನೆಲದ ಮೇಲೆ ಕೂತಿದ್ದರು. ಸಂಡಿಗೆ ಹಿಟ್ಟಿನ ಪಾತ್ರೆ ಪಕ್ಕದಲ್ಲಿ ಹಾಗೇ ಇತ್ತು, ಕಾಗೆಯೊಂದು ಅದರ ವಿಚಾರಣೆ ನಡೆಸುತ್ತಿತ್ತು. ಒಳಗೆ ಗಿಟಾರು. ಅತ್ತೆ ಬಲಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದರು, ಒಂದು ಪೆಟ್ಟೂ ತಪ್ಪದೆ.

ಮಲ್ಲೇಶ ಬಾಗಿಲು ತೆಗೆದವನು ಗಾಬರಿಯಾದ. "ಅಕ್ಕಾರ, ತ್ರಾಸ ಆತೇನ್ರಿ? ಕಡಿಮಿ ಮಾಡ್ತೀನ್ರಿ."

ಅತ್ತೆ ಅವನ ತುಟಿಯಲ್ಲೇ ಮಾತನ್ನು ಓದಿಕೊಂಡರು. "ಜಾಸ್ತಿ ಮಾಡು," ಎಂದರು.

ಅವನು ಜಾಸ್ತಿ ಮಾಡಿದ. ಅತ್ತೆಯ ಕಣ್ಣಲ್ಲಿ ನೀರು ಬಂತು. ಯಾಕೆ ಎಂದು ನಾನು ಕೈಸನ್ನೆಯಲ್ಲಿ ಕೇಳಿದ್ದಕ್ಕೆ, ಪೂರ್ತಿ ಕೇಳಿಸುತ್ತಿದೆ ಎಂದರು. ಮೊದಲಿಂದ ಕೊನೆಯವರೆಗೆ, ನಡುವೆ ಎಲ್ಲೂ ತೂತಿಲ್ಲದೆ, ಒಂದು ಹಾಡು ಪೂರ್ತಿ ಕೇಳಿಸಿ ವರ್ಷಗಳೇ ಆಗಿದ್ದವು. ಅವರಿಗೆ ಉಳಿದಿದ್ದದ್ದು ಮಂದ್ರದ ಕಿವಿ. ಈ ಸಂಗೀತ ಇದ್ದದ್ದೆಲ್ಲ ಮಂದ್ರದಲ್ಲೇ.

ಅಲ್ಲಿಂದ ಒಂದು ತಿಂಗಳಿಗೆ ಅತ್ತೆ ಘೋಷಿಸಿದರು: ತಾನೂ ಕಲಿಯುತ್ತೇನೆ. ಮಾವ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು, ಜೀವನದಲ್ಲಿ ಎಲ್ಲ ಬಗೆಯ ಪ್ರಯಾಣಿಕರನ್ನು ನೋಡಿದವರು. ಅವರು ಪೇಪರಿನಿಂದ ತಲೆ ಎತ್ತಿ, ಹಳೆಯದು ತರುತ್ತೀಯೋ ಹೊಸದೋ ಎಂದಷ್ಟೇ ಕೇಳಿದರು.

ಹೊಸದನ್ನೇ ತರಲು ನಾವು ಮೂವರು, ಅತ್ತೆ, ಮಲ್ಲೇಶ ಮತ್ತು ನಾನು, ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ ಹೂಡಿಗೆ ಹೋದೆವು. ಅಲ್ಲಿ ಟೆಕ್ ಪಾರ್ಕಿನ ಎದುರು ದೊಡ್ಡ ಸಂಗೀತದ ಅಂಗಡಿಯಿದೆ ಎಂದು ಮಲ್ಲೇಶನಿಗೆ ಗೊತ್ತಿತ್ತು. ಅಂಗಡಿಯ ಹುಡುಗ ಅತ್ತೆಯನ್ನು ನೋಡಿ, ಮೊಮ್ಮಗನ ವಯಸ್ಸೆಷ್ಟು ಎಂದು ವಿಚಾರಿಸಿದ. ತನಗೇ ಎಂದರು ಅತ್ತೆ. ಅವನು ಪಾಪ, ಮುಖದಲ್ಲಿ ಏನೂ ತೋರಿಸದೆ, ಭಜನೆಗೆ ಚೆನ್ನಾಗಿರುತ್ತದೆ ಎಂದು ಮರದ ಬಣ್ಣದ ಒಂದು ಪುಟ್ಟ ಗಿಟಾರು ತಂದು ಕೊಟ್ಟ. ಭಜನೆ ಎಂಬ ಮಾತು ಯಾರ ತುಟಿಯ ಮೇಲೆ ಬಂದರೂ ಅತ್ತೆಗೆ ತಿಳಿಯುತ್ತದೆ. ಅದನ್ನು ಅಲ್ಲೇ ಇಟ್ಟು, ಗೋಡೆಯ ತುದಿಯಲ್ಲಿ ತೂಗುತ್ತಿದ್ದ ಎರಡು ಕೋಡಿನ ಕಪ್ಪು ಗಿಟಾರನ್ನು ತೋರಿಸಿದರು.

ಹುಡುಗ ಅದರ ಗುಣಗಾನಕ್ಕೆ ತೊಡಗಿದ. ನಾನು ಅತ್ತೆಯ ಎದುರು ನಿಂತು ಒಂದೊಂದೇ ಮಾತನ್ನು ತುಟಿ ಬಿಡಿಸಿ ದಾಟಿಸಿದೆ. ಸಾಮಾನ್ಯ ಗಿಟಾರಿಗೆ ಆರು ತಂತಿ, ಇದಕ್ಕೆ ಏಳು. ಏಳನೆಯದು ಹೆಬ್ಬಾವು, ಬಹಳ ಕೆಳಗಿನ ಸ್ವರ. ತಂತಿಯ ಅಡಿಯಲ್ಲಿ ಕೂತಿರುವ ಎರಡು ಕಪ್ಪು ಪಟ್ಟಿಗಳಿಗೆ ಪಿಕಪ್ ಎನ್ನುತ್ತಾರೆ, ತಂತಿಯ ಅದುರುವಿಕೆಯನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅವೇ. ಇದರಲ್ಲಿ ಅವು ಜೋಡಿ ಸುರುಳಿಯವು, ಕರೆಂಟಿನ ಗುಂಯ್ ಸದ್ದನ್ನು ತಿಂದುಹಾಕಿ ತಂತಿಯ ಸದ್ದನ್ನು ಮಾತ್ರ ದಪ್ಪ ಮಾಡಿ ಕೊಡುತ್ತವೆ. ಕತ್ತು ತೆಳು, ಚಪ್ಪಟೆ, ಬೆರಳು ಜಾರಿದಂತೆ ಓಡುತ್ತದೆ.

ಅತ್ತೆ ತಲೆಯಾಡಿಸುತ್ತ, ಎಮ್ಮೆ ವ್ಯಾಪಾರಕ್ಕೆ ಬಂದವರ ಹಾಗೆ ಅದರ ಕೋಡು ಹಿಡಿದು ನೋಡಿದರು. ಇಂಥ ಚೂಪು ಯಾಕೆ, ಬಸ್ಸಿನಲ್ಲಿ ಯಾರ ಕಣ್ಣಿಗಾದರೂ ಚುಚ್ಚೀತು ಎಂದರು. ಹೆವಿ ಮೆಟಲ್ ಅಂದರೆ ಹಾಗೇ ಇರಬೇಕು ಎಂದ ಹುಡುಗ. ಕತ್ತಿನ ನಡುವೆ ಬಿಳಿಯ ತಲೆಬುರುಡೆಯ ಚಿತ್ರವೊಂದಿತ್ತು. ನನಗೆ ಅದು ಹಿಡಿಸಲಿಲ್ಲ, ಬುರುಡೆ ಇಲ್ಲದ್ದು ಇದೆಯೇ ಎಂದು ಕೇಳಿದೆ. ಅತ್ತೆ ನನ್ನನ್ನೇ ಸುಮ್ಮನಾಗಿಸಿದರು. "ಇರ್ಲಿ ಬಿಡೇ. ಕಾಳಮ್ಮನ ಕೊರಳಲ್ಲಿ ಅಷ್ಟೊಂದು ಇರಲ್ವಾ?"

ಕೊನೆಗೆ ಹುಡುಗ ಗಿಟಾರಿನ ಬುಡದಲ್ಲಿದ್ದ ಕಬ್ಬಿಣದ ಕಟ್ಟನ್ನು ತೋರಿಸಿದ. ತಂತಿಗಳಿಗೆ ಎರಡೂ ತುದಿಯಲ್ಲಿ ಬೀಗ. ಒಂದು ಕಡ್ಡಿ ಹಿಡಿದು ಎಷ್ಟು ಜಗ್ಗಾಡಿದರೂ, ಸ್ವರವನ್ನು ಪಾತಾಳಕ್ಕೆ ಇಳಿಸಿ ಮೇಲೆ ತಂದರೂ, ಕೈ ಬಿಟ್ಟ ತಕ್ಷಣ ತಂತಿ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ.

"ಶ್ರುತಿ ತಪ್ಪಲ್ವಾ?" ಎಂದರು ಅತ್ತೆ.

"ತಪ್ಪಲ್ಲ ಮೇಡಂ."

"ಕೇಳದೆ ಇರೋರು ಬಾರಿಸಿದ್ರೂ?"

ಹುಡುಗನಿಗೆ ಆಗ ಅರ್ಥವಾಯಿತು. ಅವನು ನನ್ನನ್ನು ನೋಡಿದ, ಮಲ್ಲೇಶನನ್ನು ನೋಡಿದ. ಆಮೇಲೆ ಅತ್ತೆಯ ಕಡೆ ತಿರುಗಿ, ತಪ್ಪುವುದಿಲ್ಲ ಎಂದು ನಿಧಾನವಾಗಿ ತಲೆಯಾಡಿಸಿ ಹೇಳಿದ. ಅತ್ತೆ ಗಿಟಾರನ್ನು ಕೆಳಗಿಡಲೇ ಇಲ್ಲ.

ಕಲಿಕೆ ಶುರುವಾಯಿತು. ಅತ್ತೆ ಮಹಾ ಪ್ರತಿಭೆ ಎಂದೇನಾದರೂ ನೀವು ಎಣಿಸಿದ್ದರೆ ಕ್ಷಮಿಸಿ. ಒಂದೇ ವರಸೆಯನ್ನು ಸಂಕ್ರಾಂತಿಯಿಂದ ಯುಗಾದಿಯವರೆಗೆ ಬಾರಿಸಿದರು. ಮಲ್ಲೇಶ ಹೇಳಿಕೊಟ್ಟ ಇಂಗ್ಲಿಷ್ ಹೆಸರುಗಳು ಬಾಯಿಗೆ ಬರದೆ ಎಲ್ಲಕ್ಕೂ ಸರಿಗಮದ ಹೆಸರಿಟ್ಟರು. ಏನು ನುಡಿಸಿದರೂ ಕೊನೆಗೆ ಮಂಗಳ ಹಾಡಿ ಮುಗಿಸಬೇಕು ಎಂಬುದು ಅವರ ಹಟ, ಹೆವಿ ಮೆಟಲ್ಲಿಗೆ ಮಂಗಳ ಇಲ್ಲ ಎಂಬುದು ಮಲ್ಲೇಶನ ಹಟ. ಗೆದ್ದವರು ಮನೆಯೊಡತಿ. ಆದರೆ ಒಂದು ಪಟ್ಟು ಮಾತ್ರ ಮೊದಲ ದಿನವೇ ಬಂತು. ಬಲಗೈಯ ಅಂಚಿನಿಂದ ತಂತಿಯನ್ನು ಅದುಮಿ ಹಿಡಿದು ಬಾರಿಸಿದರೆ, ಸದ್ದು ಹರಡದೆ ಸುತ್ತಿಗೆಯ ಪೆಟ್ಟಿನ ಹಾಗೆ ಧಗ್ ಧಗ್ ಎಂದು ಬೀಳುತ್ತದೆ. ಅದು ಅವರ ಮೈಗೆ ಗೊತ್ತಿದ್ದ ತಾಳ.

ಎದುರು ಮನೆಯ ಅಜ್ಜಿ ಬೋರ್‌ವೆಲ್ ಕೊರೆಯುತ್ತಿದ್ದಾರೆಂದು ತಿಳಿದು ಬಿಂದಿಗೆ ಹಿಡಿದುಕೊಂಡು ಬಂದರು. ನೀರು ಬಂತಾ ಎಂದು ಕೇಳಿದರು. ಆಮೇಲೆ ಮಾವ ಮನೆಮನೆಗೆ ಹೋಗಿ ಮಾತಾಡಿ, ಸಂಜೆ ನಾಲ್ಕರಿಂದ ಐದು ಅತ್ತೆಯ ಹೊತ್ತು ಎಂದು ಗೊತ್ತುಮಾಡಿಕೊಂಡು ಬಂದರು. ಹಬ್ಬದ ದಿನ ಆ ಹೊತ್ತು ಮೀರಿದ್ದಕ್ಕೇ ಪೆಂಡಾಲಿನ ಹುಡುಗರು ಬಂದದ್ದು.

ಕಿವಿಯ ಡಾಕ್ಟರು ಇದಕ್ಕೆ ನಗಲಿಲ್ಲ. ಹಬ್ಬ ಮುಗಿದ ಮೇಲೆ ಅತ್ತೆಯನ್ನು ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಉಳಿದಿರುವ ಕಿವಿಯೂ ಇನ್ನಷ್ಟು ಇಳಿದಿದೆ, ಇಷ್ಟು ದೊಡ್ಡ ಸದ್ದಿನ ಎದುರು ಕೂತರೆ ಇರುವುದೂ ಹೋಗುತ್ತದೆ ಎಂದರು ಆ ಹೆಣ್ಣುಮಗಳು. ನಾನು ಅದನ್ನು ಅತ್ತೆಗೆ ದಾಟಿಸುವಾಗ ಸ್ವಲ್ಪ ಮೆತ್ತಗೆ ಮಾಡೋಣ ಎಂದುಕೊಂಡೆ. ಆಗಲಿಲ್ಲ. ಅವರು ಡಾಕ್ಟರ ಮುಖದಲ್ಲೇ ಓದಿಕೊಂಡಿದ್ದರು.

"ಉಳಿದಿರೋ ಕಿವೀನ ಏನಕ್ಕೆ ಕಾಪಾಡ್ಕೊಳ್ಲಿ ಅಮ್ಮಾ?" ಎಂದು ಅವರನ್ನೇ ಕೇಳಿದರು. "ಮನೇಲಿ ನನ್ನ ಜೊತೆ ಮಾತಾಡೋರು ಒಬ್ರು. ಅವ್ರೂ ದಿನಕ್ಕೆ ನಾಲ್ಕು ಮಾತು ಆಡೋರು."

ಡಾಕ್ಟರು ಚೀಟಿಯ ಮೇಲೆ ಮುಂದಿನ ಪರೀಕ್ಷೆಯ ತಾರೀಕು ಬರೆದು ನನ್ನ ಕೈಗೆ ಕೊಟ್ಟರು.

ಬಾಯಲ್ಲಿ ಹಾಗೆಂದರೂ, ಮನೆಗೆ ಬಂದು ಅತ್ತೆ ಗಿಟಾರನ್ನು ಚೀಲದೊಳಗೆ ಹಾಕಿ ಜಿಪ್ಪು ಎಳೆದರು. ಸಂಜೆ ನಾಲ್ಕು ಗಂಟೆಗೆ ಬೀದಿ ನಿಶ್ಶಬ್ದವಾಯಿತು. ಎದುರು ಮನೆಯ ಅಜ್ಜಿ ಯಾರಿಗಾದರೂ ಹುಷಾರಿಲ್ಲವಾ ಎಂದು ವಿಚಾರಿಸಿಕೊಂಡು ಹೋದರು. ಅತ್ತೆ ಅಡುಗೆ ಮಾಡಿದರು, ಬಟ್ಟೆ ಮಡಿಸಿದರು, ಗೋಡೆ ನೋಡುತ್ತ ಕೂತರು. ಕೆಲವು ದಿನ ಕಳೆದ ಮೇಲೆ ಚೀಲದ ಜಿಪ್ಪು ತೆಗೆದವರು ಮಾವ. ಅತ್ತೆಯ ತೊಡೆಯ ಮೇಲೆ ಗಿಟಾರನ್ನು ಇಟ್ಟು, ವೈರು ಸಿಕ್ಕಿಸದೆ, ಬಾರಿಸು ಎಂದು ಕೈಮಾಡಿದರು. ವೈರಿಲ್ಲದ ಎಲೆಕ್ಟ್ರಿಕ್ ಗಿಟಾರಿನ ಸದ್ದು ಸೊಳ್ಳೆಯದ್ದು, ನಿಮಗೂ ನನಗೂ ಕೇಳಿದರೆ ಹೆಚ್ಚು. ಅತ್ತೆ ಬಾರಿಸಿದರು, ಏನೂ ಕೇಳಲಿಲ್ಲ. ಇನ್ನೂ ಬಗ್ಗಿದರು, ಇನ್ನೂ ಬಗ್ಗಿದರು. ಬಗ್ಗಿ ಬಗ್ಗಿ ಗದ್ದ ಹೋಗಿ ಗಿಟಾರಿನ ಮೇಲಿನ ಕೋಡಿಗೆ ತಾಗಿತು. ಅಲ್ಲೇ ನಿಂತರು. ಏಳನೆಯ ತಂತಿಯನ್ನು ಮತ್ತೊಮ್ಮೆ ಮೀಟಿದರು. ಮರದಿಂದ ದವಡೆಗೆ, ದವಡೆಯಿಂದ ತಲೆಯೊಳಕ್ಕೆ ಸ್ವರ ಹತ್ತಿತಂತೆ. ಕೇಳಿದ ಹಾಗಲ್ಲ, ಯಾರೋ ಒಳಗೇ ಕೂತು ಹಾಡಿದ ಹಾಗೆ ಎಂದು ಆಮೇಲೆ ನನಗೆ ವಿವರಿಸಿದರು. ಅಂದಿನಿಂದ ಅತ್ತೆ ಬಾರಿಸುವುದು ಹೀಗೆಯೇ, ಮಗುವಿನ ತಲೆಗೆ ಗದ್ದ ಊರಿದ ತಾಯಿಯ ಹಾಗೆ, ಸದ್ದೇ ಇಲ್ಲದೆ.

ಡಾಕ್ಟರು ಹೇಳಿದ ಮಾತು ಮಾತ್ರ ಅಪ್ಪನ ಕಿವಿಗೆ ತಡವಾಗಿ ಬಿತ್ತು, ಸದ್ದು ನಿಂತಿದೆ ಎಂಬ ಮಾತು ಬೀಳಲೇ ಇಲ್ಲ. ಅಪ್ಪ ಅತ್ತೆಯ ಒಬ್ಬನೇ ಅಣ್ಣ, ಎಪ್ಪತ್ತು ದಾಟಿದವರು, ಪೀಣ್ಯದ ಅದೇ ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ತಂದೆ ತೀರಿಕೊಂಡಾಗ ತಂಗಿಯ ಜವಾಬ್ದಾರಿ ಅವರ ಮೇಲೆ ಬಿತ್ತು, ತಾವೇ ಹೇಳಿ ಪ್ರೆಸ್ ಮೆಷಿನ್ನುಗಳ ಷೆಡ್ಡಿಗೆ ಸೇರಿಸಿದರು. ಈ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ನನ್ನ ಸ್ಕೂಟರಿನ ಹಿಂದೆ ಕೂತು ಬಂದ ಅಪ್ಪ, ಚಪ್ಪಲಿ ಬಿಡುವ ಮೊದಲೇ ಕೂಗಾಡಲು ಶುರುಮಾಡಿದರು. ವಯಸ್ಸಾದ ಹೆಂಗಸಿಗೆ ಇದೆಂಥ ಹುಚ್ಚು, ಇದ್ದ ಕಿವಿಯನ್ನೂ ಕಳೆದುಕೊಳ್ಳುತ್ತಾಳೆ, ಅದನ್ನು ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳಲಿ ಎಂದು. ತಂಗಿಯ ಜೊತೆ ಅವರು ಮಾತಾಡುವುದೇ ಹೀಗೆ, ಕೂಗಿದರೆ ಕೇಳೀತು ಎಂಬ ಆಸೆಯಿಂದ. ಮಾವ ಕಾಫಿಗೆ ಇಡುತ್ತೇನೆಂದು ಒಳಗೆ ಹೋದರು. ಅತ್ತೆ ಗಿಟಾರಿನ ಮೇಲಿಂದ ಗದ್ದ ಎತ್ತಿ ಅಣ್ಣನನ್ನು ನೋಡುತ್ತ ಕೂತರು.

ಕೂಗಿ ಕೂಗಿ ಅಪ್ಪನ ದನಿ ಸೋತಿತು. ಅವರು ಅತ್ತೆಯ ಎದುರಿಗೆ ನೆಲದ ಮೇಲೆಯೇ ಕೂತರು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ. ತಮಗೇ ಹೇಳಿಕೊಂಡಂತೆ ಮೆಲ್ಲಗೆ ಹೇಳಿದರು: "ನಾನೇ ಅಲ್ವೇನೇ ಅಲ್ಲಿಗೆ ಸೇರಿಸಿದ್ದು. ಹೊಲಿಗೆ ಕಲೀತೀನಿ ಅಂದಿದ್ದೆ ನೀನು."

"ಗೊತ್ತಾಯ್ತು," ಎಂದರು ಅತ್ತೆ. "ಕೂಗ್ದಾಗ ನಿನ್ನ ಬಾಯಿ ಸೊಟ್ಟಗಾಗುತ್ತೆ ಅಣ್ಣ, ಒಂದೂ ತಿಳಿಯಲ್ಲ. ಈಗ ತಿಳೀತು."

ಅಪ್ಪ ತಲೆ ತಗ್ಗಿಸಿದರು. ಅತ್ತೆ ಅವರ ಗಲ್ಲ ಹಿಡಿದು ಮುಖ ಮೇಲೆತ್ತಿದರು, ತಗ್ಗಿಸಿದರೆ ಮಾತು ಕಾಣುವುದಿಲ್ಲವಲ್ಲ.

"ಅಲ್ಲಿ ನಂಗೇನೂ ಬೇಜಾರಿರ್ಲಿಲ್ಲ ಕಣೋ. ಆ ಮಿಷಿನ್ ಮುಂದೆ ನಿಂತ್ಕೊಂಡು ನಾನು ಎಷ್ಟು ಹಾಡಿದೀನಿ ಗೊತ್ತಾ? ಯಾರಿಗೂ ಕೇಳಲ್ಲ ಅಂತ ಗಂಟಲು ಬಿಟ್ಟು ಹಾಡ್ತಿದ್ದೆ. ಮನೇಲಿ ಹಂಗೆ ಹಾಡೋಕೆ ಆಗ್ತಿತ್ತಾ?"

ಅತ್ತೆ ಅಪ್ಪನ ಬಲಗೈಯನ್ನು ಎಳೆದು, ಅಂಗೈ ಅಗಲಿಸಿ, ಗಿಟಾರಿನ ಕಪ್ಪು ಮೈಯ ಮೇಲೆ ಇಟ್ಟರು. ತಾವು ಗದ್ದ ಊರಿದರು. ದಪ್ಪ ತಂತಿಯನ್ನು ಮೀಟಿ, ನಮ್ಮಜ್ಜಿ ರಾಗಿ ಬೀಸುವಾಗ ಹೇಳುತ್ತಿದ್ದ ಪದವೊಂದನ್ನು ನಿಧಾನವಾಗಿ ನುಡಿಸತೊಡಗಿದರು. ಬಾಗಿಲಲ್ಲಿ ನಿಂತ ನನಗೆ ಕೇಳಿದ್ದು ತಂತಿಯ ಸಣ್ಣ ಕಿರಿಕಿರಿ ಅಷ್ಟೇ. ಅಪ್ಪನ ತುಟಿ ಮಾತ್ರ ಪದದ ಜೊತೆ ಅಲುಗುತ್ತಿತ್ತು. ಕೈ ಅಲ್ಲೇ ಇತ್ತು.

ಅಡುಗೆಮನೆಯಿಂದ ಮಾವ, ಕಾಫಿಗೆ ಸಕ್ಕರೆ ಎಷ್ಟು ಎಂದು ಕೇಳಿದರು. ಮತ್ತೊಮ್ಮೆ ಕೇಳಿದರು.

ಇಬ್ಬರಿಗೂ ಕೇಳಿಸಲಿಲ್ಲ.